ಮೂರು ನೀರಿನಲ್ಲಿ ತೊಳೆದ ಹರಳು

ಆ ಪ್ರಯೋಗಾಲಯದಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ವಿಭಾಗದವರಿಗೆ ಮಾತ್ರ. ಉಳಿದವರಿಗೆಲ್ಲ ಅವನು ಮೂರ್ಸಲದಣ್ಣ. ಕವಾಟ ಮುಚ್ಚಿದರೆ ಮೂರು ಸಲ ತಿರುವಿ ನೋಡುವವನು, ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವವನು. ಮನೆಯಲ್ಲೂ ಅದೇ ಪಾಡು. ಗಂಡ ಹೆಂಡತಿ ಎಲ್ಲಿಗಾದರೂ ಹೊರಟರೆ ಹೆಂಡತಿ ಚಪ್ಪಲಿ ಮೆಟ್ಟಿ, ಎರಡು ಮಹಡಿ ಇಳಿದು ರಸ್ತೆಯಲ್ಲಿ ನಿಂತಿರುತ್ತಿದ್ದಳು. ಇವನು ಇನ್ನೂ ಅಡುಗೆಮನೆಯಲ್ಲಿ ಗ್ಯಾಸಿನ ನಾಬು ಹಿಡಿದುಕೊಂಡಿರುತ್ತಿದ್ದ. ಅವಳು ಕೆಳಗಿನಿಂದಲೇ ಕೂಗುತ್ತಿದ್ದಳು.

"ರೀ, ಅದು ಬಂದ್ ಆಗಿದೆ ಬನ್ನಿ. ತಿರುವಿ ತಿರುವಿ ಒಂದಿನ ಅದನ್ನ ಕಿತ್ತು ಕೈಗೆ ತಗೋತೀರಿ, ನೋಡ್ತಾ ಇರಿ."

"ಬಂದೆ ಕಣೇ, ಇನ್ನೊಂದೇ ಸಲ."

"ನಿಮ್ಮ ಕೈ ಮೇಲೆ ನಿಮಗೇ ನಂಬಿಕೆ ಇಲ್ಲ, ಇನ್ನು ನನ್ನನ್ನೇನು ನಂಬ್ತೀರಿ!"

ಹೆದರುವವರನ್ನು ಕಂಡು ನಗುವುದು ಲೋಕಕ್ಕೆ ಸುಲಭ. ಆದರೆ ಅವನಿದ್ದ ಕೆಲಸಕ್ಕೆ ಹೆದರುವವನೇ ಬೇಕಾಗಿತ್ತು. ಅಣುವಿದ್ಯುತ್ ಸ್ಥಾವರದ ರಿಯಾಕ್ಟರನ್ನು ನಿಲ್ಲಿಸಿದರೂ ಅದರ ಇಂಧನ ಸುಮ್ಮನಾಗುವುದಿಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಮುಟ್ಟಿದರೆ ಸುಡುತ್ತದಲ್ಲ, ಹಾಗೆ. ಕಾವಲಿಯಾದರೂ ಸ್ವಲ್ಪ ಹೊತ್ತಿಗೆ ಆರುತ್ತದೆ; ಇದರ ಬಿಸಿ ಒಳಗೊಳಗೇ ಹುಟ್ಟುತ್ತಿರುವುದರಿಂದ ತಿಂಗಳುಗಟ್ಟಲೆ ನೀರು ಕುಡಿಸುತ್ತಲೇ ಇರಬೇಕು. ಯಾವುದೋ ಅವಘಡದಲ್ಲಿ ಆ ನೀರು ನಿಂತುಹೋಯಿತು ಎನ್ನಿ. ಇಂಧನ ಕರಗಿ ಕೆಳಗಿಳಿಯುತ್ತದೆ, ತಳದ ಗುಂಡಿಯ ನೀರಿಗೆ ಬಿದ್ದು ಚೂರುಚೂರಾಗಿ ಜಲ್ಲಿಯ ರಾಶಿಯ ಹಾಗೆ ಕೂರುತ್ತದೆ. ಆ ರಾಶಿಯೊಳಕ್ಕೆ ಮೇಲಿನಿಂದ ನೀರು ಇಳಿಯಬೇಕು, ಒಳಗಿನಿಂದ ಹಬೆ ಮೇಲೆ ಬರಬೇಕು. ಎರಡಕ್ಕೂ ಇರುವುದು ಅದೇ ಸಂದು. ಹಬೆ ಹೆಚ್ಚಾದರೆ ನೀರಿಗೆ ದಾರಿ ಬಿಡುವುದಿಲ್ಲ. ರಾಶಿಯ ನಡುವೆ ಎಲ್ಲೋ ಒಂದು ಕಡೆ ಒಣಗುತ್ತದೆ, ಒಣಗಿದ್ದು ಮತ್ತೆ ಕರಗುತ್ತದೆ, ಕರಗಿದ್ದು ನೆಲದ ಕಾಂಕ್ರೀಟನ್ನು ತಿನ್ನುತ್ತ ಹೋಗುತ್ತದೆ. ಎಷ್ಟು ಬಿಸಿಯವರೆಗೆ ನೀರು ಗೆಲ್ಲುತ್ತದೆ, ಎಲ್ಲಿಂದ ಸೋಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿಡುವುದು ಆ ಪ್ರಯೋಗಾಲಯದ ಕೆಲಸವಾಗಿತ್ತು.

ಲೆಕ್ಕ ಮೇಡಂ ಅವರದು. ಅವರು ಒಂಬತ್ತು ವರ್ಷಗಳಿಂದ ಕಂಪ್ಯೂಟರಿನಲ್ಲಿ ಆ ರಾಶಿಯನ್ನು ಕಟ್ಟುತ್ತಿದ್ದರು. ಆ ಲೆಕ್ಕ ನಿಜವೋ ಸುಳ್ಳೋ ಎಂದು ನೋಡುವ ಹಂಡೆ ಮೂರ್ಸಲದಣ್ಣನದು. ಎರಡಾಳೆತ್ತರದ ಉಕ್ಕಿನ ಪಾತ್ರೆಯನ್ನು ಅಲ್ಲಿ ಎಲ್ಲರೂ ಹಂಡೆ ಎಂದೇ ಕರೆಯುತ್ತಿದ್ದರು. ಅದರೊಳಗೆ ಹೀಟರಿನ ಕಡ್ಡಿಗಳು, ಬಿಸಿ ಅಳೆಯುವ ನಲವತ್ತು ತಂತಿಗಳು. ಇಂಧನದ ಬದಲಿಗೆ ಇನ್ನೊಂದು ಪ್ರಯೋಗಾಲಯದಲ್ಲಿ ಕರಗಿಸಿದ ಅದಿರನ್ನು ನೀರಿಗೆ ಸುರಿದು ಮಾಡಿದ ಹರಳುಗಳು ಡ್ರಮ್ಮಿನಲ್ಲಿ ಬರುತ್ತಿದ್ದವು. ಜೊತೆಗೊಂದು ಚೀಟಿ: ಯಾವ ಗಾತ್ರದ ಹರಳು ಎಷ್ಟು ಪಾಲು. ನೂರಿಪ್ಪತ್ತು ಕಿಲೋ ಹರಳನ್ನು ಹಂಡೆಗೆ ತುಂಬಿ, ನೀರು ಬಿಟ್ಟು, ಕರೆಂಟು ಏರಿಸುತ್ತ ಹೋಗುವುದು. ಒಂದು ತಂತಿ ಇದ್ದಕ್ಕಿದ್ದಂತೆ ನೂರು ಡಿಗ್ರಿ ದಾಟಿ ಓಡಿತೆಂದರೆ ಅಲ್ಲಿ ಒಣಗಿತು ಎಂದು ಅರ್ಥ. ಯಾವಾಗ ನೋಡಿದರೂ ಅದು ಅರವತ್ತು ಕಿಲೋವಾಟಿನ ಸುತ್ತಮುತ್ತ ಒಣಗುತ್ತಿತ್ತು. ಹನ್ನೊಂದು ವರ್ಷವೂ ಹಾಗೇ, ಆಚೀಚೆ ಒಂದೆರಡು ಕಿಲೋವಾಟು ಅಷ್ಟೇ. "ಅಣ್ಣ ತುಂಬಿದ ಹಂಡೆ ಗಡಿಯಾರ ಇದ್ದ ಹಾಗೆ" ಎಂದು ಮೇಡಂ ಹೊರಗಿನವರ ಮುಂದೆ ಹೊಗಳುತ್ತಿದ್ದರು. ಇವನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ವರದಿಗಳ ಕೊನೆಯಲ್ಲಿ ವಂದನೆ ಹೇಳುವ ಜಾಗದಲ್ಲಿ "ಮತ್ತು ತಾಂತ್ರಿಕ ಸಿಬ್ಬಂದಿ" ಎಂದು ಮಾತ್ರ ಇರುತ್ತಿತ್ತು. ಅದನ್ನೂ ಅವನು ಪ್ರತಿ ಸಲ ತೆಗೆದು ನೋಡುತ್ತಿದ್ದ. ಒಂದು ಸಲವಾದರೂ ಹೆಸರು ಬಂದರೆ ಚೆನ್ನಾಗಿತ್ತು ಎಂಬ ಆಸೆ ಇತ್ತು, ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಹೆಂಡತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಅವಳಿಗೆ ಹನಿ ಹಾಕಲು ಅವನು ಒಂದು ವಾರ ರಜೆ ಹಾಕಿದ. ಸೋಮವಾರ ಕೆಲಸಕ್ಕೆ ಮರಳಿದರೆ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು.

"ಅಣ್ಣ, ನೀವಿಲ್ಲದೆ ಎಲ್ಲಾ ಎಡವಟ್ಟು. ಕಳೆದ ವಾರ ಪಂಪಿನವರ ಕೈಲಿ ಹಂಡೆ ತುಂಬಿಸಿದೆ. ಮೂವತ್ತೆಂಟಕ್ಕೇ ಒಣಗಿಬಿಡ್ತು!"

"ಮೂವತ್ತೆಂಟಾ?"

"ಹೀಟರ್ ಕಡ್ಡಿ ಯಾವುದೋ ಕೆಟ್ಟಿದೆ ಅನ್ಸುತ್ತೆ. ನಾಳೆ ನೀವೇ ತುಂಬಿ ಒಂದು ಸಲ ನಡೆಸಿಬಿಡಿ. ಶುಕ್ರವಾರ ಸುರಕ್ಷತಾ ಸಮಿತಿಗೆ ವರದಿ ಹೋಗಬೇಕು. ಈ ಮೂವತ್ತೆಂಟು ಸುಳ್ಳು ಅಂತ ತೋರಿಸಿದ್ರೆ ಸಾಕು."

ಆ ವರದಿಯಲ್ಲಿ ಏನಿದೆ ಎಂಬುದು ಅವನಿಗೂ ಗೊತ್ತಿತ್ತು. ಹೊಸ ಸ್ಥಾವರದವರು ತಳದ ಗುಂಡಿಗೆ ಕೆಳಗಿನಿಂದಲೂ ನೀರು ಊಡುವ ಪೈಪು ಬೇಕೋ ಬೇಡವೋ ಎಂದು ಕೇಳಿದ್ದರು. ಮೇಲಿನಿಂದ ಇಳಿಯುವ ನೀರೇ ಸಾಕು, ಪೈಪು ಬೇಡ ಎಂದು ಲೆಕ್ಕ ಹೇಳುತ್ತಿತ್ತು. ಆರು ವರ್ಷದ ಹಿಂದೆ ಇನ್ನೊಂದು ಸ್ಥಾವರಕ್ಕೂ ಇದೇ ಲೆಕ್ಕ ಹೀಗೇ ಹೇಳಿತ್ತು. ಅದು ಪೈಪಿಲ್ಲದೆ ನಡೆಯುತ್ತಿತ್ತು.

ಪಂಪಿನವನು ಕ್ಯಾಂಟೀನಿನಲ್ಲಿ ಸಿಕ್ಕ. ನಲವತ್ತು ದಾಟಿದವನು, ಬಾಯಿ ಸ್ವಲ್ಪ ಉದ್ದ.

"ಹೋದ ವಾರ ಹರಳನ್ನ ಹೇಗೆ ತುಂಬಿದೆಯಪ್ಪಾ?"

"ಹೇಗೆ ಅಂದ್ರೆ? ಡ್ರಮ್ ಎತ್ತಿದೆ, ಸುರಿದೆ."

"ತೊಳೀಲಿಲ್ವಾ?"

"ತೊಳೆಯೋಕೆ ಅದೇನು ಸೊಪ್ಪಾ ಅಣ್ಣಾ? ಆದ್ರೆ ಒಂದು ಮಾತು, ಎಂಥಾ ಧೂಳು ಅಂತೀರಿ! ಫಿಲ್ಟರ್ ಎರಡು ಸಲ ಬಿಚ್ಚಿ ತೊಳೆದೆ."

ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೂ ಮೂರ್ಸಲದಣ್ಣ ಅಲ್ಲಿಂದ ಏಳಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಮೇಡಂ ಇನ್ನೂ ಬಂದಿರದ ಕಾಲದಲ್ಲಿ, ಮೊದಲ ಡ್ರಮ್ಮಿನ ಧೂಳು ಹೋಗಿ ಪಂಪಿಗೆ ಸಿಕ್ಕಿ ಪಂಪು ಸುಟ್ಟಿತ್ತು. ಆಗಿನ ಸಾಹೇಬರು ಎಲ್ಲರ ಎದುರಿಗೆ "ಕಸ ತುಂಬಿದ್ದೀಯಲ್ಲಯ್ಯಾ, ನಿನ್ನ ತಲೇಲೂ ಅದೇ ಇದೆಯಾ?" ಎಂದು ಕೂಗಾಡಿದ್ದರು. ಹೆದರಿದ ಪ್ರಾಣಿ ಇವನು. ಮರುದಿನವೇ ಮನೆಯಿಂದ ಹಿಟ್ಟಿನ ಜರಡಿ ತಂದ. ಪ್ರಯೋಗಾಲಯದ ಹಿಂದಿನ ತೊಟ್ಟಿಯ ಹತ್ತಿರ ಕೂತು, ಹರಳನ್ನು ಜರಡಿಗೆ ಸುರಿದು ಮೂರು ನೀರಿನಲ್ಲಿ ತೊಳೆದು, ನೀರು ತಿಳಿಯಾದ ಮೇಲೆಯೇ ಹಂಡೆಗೆ ತುಂಬಿದ. ಪಂಪು ಮತ್ತೆ ಕೆಡಲಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಒಳ್ಳೆಯ ಕೆಲಸವನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಅಂದ ಹಾಗೆ, ಜರಡಿ ಕಾಣೆಯಾದದ್ದಕ್ಕೆ ಹೆಂಡತಿ ಕೆಳಮನೆಯಾಕೆಯ ಮೇಲೆ ಅನುಮಾನಪಟ್ಟು ಎರಡು ತಿಂಗಳು ಮಾತು ಬಿಟ್ಟಿದ್ದಳು. ಆಗಲೂ ಇವನು ಬಾಯಿ ಬಿಟ್ಟಿರಲಿಲ್ಲ.

ತೊಳೆದಾಗ ಹೋಗುತ್ತಿದ್ದದ್ದು ಕಸವಲ್ಲ. ಸಣ್ಣ ಹರಳು, ಪುಡಿ. ಸಂದುಗಳನ್ನೆಲ್ಲ ಮುಚ್ಚಿ ನೀರನ್ನು ತಡೆಯುವ ಪುಡಿ. ನಿಜವಾದ ಅವಘಡದಲ್ಲಿ ಕರಗಿದ ಇಂಧನವನ್ನು ಜರಡಿ ಹಿಡಿದು ತೊಳೆಯಲು ಯಾರೂ ಕೂತಿರುವುದಿಲ್ಲ. ಇಷ್ಟು ಅರ್ಥ ಮಾಡಿಕೊಳ್ಳಲು ಅವನಿಗೆ ಲೆಕ್ಕ ಬೇಕಾಗಿರಲಿಲ್ಲ.

ಆ ಮಧ್ಯಾಹ್ನ ಅವನು ಮೇಡಂ ಕೋಣೆಯ ಬಾಗಿಲವರೆಗೆ ಮೂರು ಸಲ ಹೋದ. ಮೊದಲ ಸಲ ಅವರು ಫೋನಿನಲ್ಲಿದ್ದರು. ಎರಡನೆಯ ಸಲ "ಏನಣ್ಣಾ?" ಎಂದರು, "ಏನಿಲ್ಲ ಮೇಡಂ, ಕಿಟಕಿ ಮುಚ್ಚಿದೀರಾ ಅಂತ" ಎಂದು ಬಂದ. ಮೂರನೆಯ ಸಲ ಒಳಗಿನಿಂದ ಅವರ ನಗು ಕೇಳಿಸಿತು. ಯಾರಿಗೋ ಹೇಳುತ್ತಿದ್ದರು: "ನಮ್ಮ ಅಣ್ಣ ಬಂದಿದ್ದಾರೆ, ಇನ್ನು ಚಿಂತೆ ಇಲ್ಲ." ಅವನು ಅಲ್ಲಿಂದಲೇ ತಿರುಗಿದ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಅವರ ಒಂಬತ್ತು ವರ್ಷ ಮಣ್ಣುಪಾಲು. ತನ್ನ ಮೂರು ತಿಂಗಳು, ಪಿಂಚಣಿ, ಎಲ್ಲದರ ಮೇಲೂ ತನಿಖೆ ಕೂತರೆ? ಹೇಳದಿದ್ದರೆ?

ಮಂಗಳವಾರ ಬೆಳಿಗ್ಗೆ ತೊಟ್ಟಿಯ ಹತ್ತಿರ ಅವನು ಜರಡಿ ಹಿಡಿದು ಬಹಳ ಹೊತ್ತು ನಿಂತ. ತೊಳೆಯದೆ ತುಂಬಿದರೆ ಮೂವತ್ತೆಂಟು. ತೊಳೆದು ತುಂಬಿದರೆ ಅರವತ್ತು, ಎಲ್ಲರಿಗೂ ಸಂತೋಷ, ಪಂಪಿನವನ ಮೇಲೆ ಒಂದು ಸಣ್ಣ ಬೈಗುಳ, ಅಲ್ಲಿಗೆ ಮುಗಿಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಅವನು ತೊಳೆದ. ಮೂರೂ ನೀರು ತೊಳೆದ. ಕೈ ತಾನಾಗಿ ಆಡಿತು. ಆದರೆ ತೊಳೆದ ನೀರನ್ನು ಮೋರಿಗೆ ಬಿಡಲು ಮಾತ್ರ ಮನಸ್ಸು ಬರಲಿಲ್ಲ. ಬಕೆಟ್ಟುಗಳಲ್ಲಿ ಹಿಡಿದು ಮೂಲೆಯಲ್ಲಿ ಸಾಲಾಗಿ ಇಟ್ಟ.

ಸಂಜೆ ನಾಲ್ಕಕ್ಕೆ ಹಂಡೆ ಅರವತ್ತೊಂದರಲ್ಲಿ ಒಣಗಿತು. ಮೇಡಂ ಚಪ್ಪಾಳೆ ತಟ್ಟಿದರು. "ನೋಡಿದ್ರಾ! ಅದಕ್ಕೇ ನಾನು ಹೇಳೋದು, ಅಣ್ಣನ ಕೈ ಬಿದ್ರೆ ಸರಿ ಅಂತ." ಮೂವತ್ತೆಂಟರ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ "ಹೀಟರ್ ದೋಷ" ಎಂದು ಬರೆದು ಕಡತಕ್ಕೆ ಸೇರಿಸಿದರು. ಹೀಟರಿನಲ್ಲಿ ದೋಷವಿರಲಿಲ್ಲ, ಬೆಳಿಗ್ಗೆ ಅವನೇ ಮೂರು ಸಲ ಪರೀಕ್ಷಿಸಿದ್ದ.

ಬುಧವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆಯಿಂದ ಕಿಟಕಿ, ನಲ್ಲಿ, ನಾಬು ಎಂದು ಮನೆ ತುಂಬ ಸುತ್ತಿದ. ಕಪ್ಪು ಕನ್ನಡಕ ಹಾಕಿ ಮಂಚದ ಮೇಲೆ ಕೂತಿದ್ದ ಹೆಂಡತಿ ತಡೆಯಲಾರದೆ ಕೇಳಿದಳು.

"ಕಣ್ಣು ಆಪರೇಷನ್ ಆಗಿರೋದು ನನಗೆ, ದಾರಿ ಕಾಣದೆ ಗೋಡೆಗೆ ಹಾಯ್ತಾ ಇರೋದು ನೀವು. ಏನಾಯ್ತು ಹೇಳಿ."

"ನಿನ್ನ ಜರಡಿ ಇತ್ತಲ್ಲ..."

"ಯಾವ ಜರಡಿ?"

"ಹನ್ನೊಂದು ವರ್ಷದ ಹಿಂದೆ ಕಳೀತಲ್ಲ. ಅದನ್ನ ನಾನೇ ತಗೊಂಡು ಹೋಗಿದ್ದು."

ಅವಳು ಕನ್ನಡಕ ತೆಗೆದಳು. "ಅಯ್ಯೋ ದೇವರೇ! ಆಯಮ್ಮನ ಮುಖ ನೋಡದೆ ಎರಡು ತಿಂಗಳು ಓಡಾಡಿದೀನಲ್ರೀ! ಆಗ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಬಯ್ತೀಯ ಅಂತ..."

"ಈಗ ಬಯ್ಯಲ್ವಾ?"

ಬೈದಳು, ಚೆನ್ನಾಗಿಯೇ ಬೈದಳು. ಅದು ಮುಗಿದ ಮೇಲೆ ಅವನು ಉಳಿದದ್ದನ್ನೂ ಹೇಳಿದ. ಹರಳು, ಪುಡಿ, ಪೈಪು, ಶುಕ್ರವಾರ. ಅವಳಿಗೆ ಕಿಲೋವಾಟು ಅರ್ಥವಾಗಲಿಲ್ಲ. ಉಳಿದದ್ದೆಲ್ಲ ಅರ್ಥವಾಯಿತು. ಕೇಳಿದಳು.

"ಆ ಸ್ಥಾವರದ ಹತ್ತಿರ ಜನ ಇದಾರಾ?"

"ಇರದೇ ಇರ್ತಾರಾ?"

"ಮತ್ತೆ ಇಲ್ಲಿ ಕೂತು ನನ್ನ ಗ್ಯಾಸ್ ನಾಬು ಯಾಕೆ ತಿರುವ್ತಾ ಇದೀರಿ? ಹೋಗಿ. ನನಗೆ ಹೇಳಿದ್ರಲ್ಲ, ಆಕೆಗೂ ಹೇಳಿ. ನನಗಿಂತ ಜೋರಾಗಿ ಅವರೇನೂ ಬಯ್ಯಲ್ಲ."

ಅವನು ಮಧ್ಯಾಹ್ನದ ಬಸ್ಸು ಹಿಡಿದ. ತೊಟ್ಟಿಯ ಮೂಲೆಯಲ್ಲಿ ಬಕೆಟ್ಟುಗಳ ನೀರು ತಿಳಿಯಾಗಿ ಪುಡಿ ತಳದಲ್ಲಿ ಕೂತಿತ್ತು. ಮೇಲಿನ ನೀರು ಬಸಿದು, ಕೆಸರನ್ನು ತಟ್ಟೆಗಳಲ್ಲಿ ಹರಡಿ ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸಿ ತೂಗಿದ. ಒಂಬತ್ತು ಕಿಲೋ. ನೂರಿಪ್ಪತ್ತರಲ್ಲಿ ಒಂಬತ್ತು. ಪ್ರತಿ ಸಲ ಇಷ್ಟನ್ನು ಮೋರಿಗೆ ಚೆಲ್ಲುತ್ತಿದ್ದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಪುಡಿಯನ್ನು ಒಂದೇ ಬಕೆಟ್ಟಿಗೆ ತುಂಬಿ, ಜರಡಿಯನ್ನು ಅದರ ಮೇಲಿಟ್ಟುಕೊಂಡು ಮೇಡಂ ಕೋಣೆಗೆ ಹೋದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನಿಂತರೆ ತಿರುಗುತ್ತೇನೆ ಎಂದು ಅವನಿಗೆ ಗೊತ್ತಿತ್ತು.

"ಇದೇನಣ್ಣಾ? ರಜ ಅಂದಿದ್ರಿ?"

"ಮೇಡಂ, ಹೀಟರ್ ಸರಿಯಾಗೇ ಇದೆ. ಪಂಪಿನವನು ತುಂಬಿದ್ದೇ ಸರಿ. ನಾನು ತುಂಬೋದೇ ತಪ್ಪು."

ಎಲ್ಲ ಹೇಳಿದ. ಎಲ್ಲಿಂದಲೋ ಶುರುಮಾಡಿ ಎಲ್ಲಿಗೋ ಹೋಗಿ, ಸುಟ್ಟ ಪಂಪು, ಸಾಹೇಬರ ಬೈಗುಳ, ಮೂರು ನೀರು, ಕೆಳಮನೆಯಾಕೆ, ಎಲ್ಲ. ಮೇಡಂ ಪುಡಿಯೊಳಗೆ ಬೆರಳಾಡಿಸಿದರು. ಆಮೇಲೆ ಶುಕ್ರವಾರದ ವರದಿಯನ್ನು ಎಳೆದುಕೊಂಡು ಒಂದು ಪುಟ ತೆರೆದರು. ಅವರ ಲೆಕ್ಕ, ಡ್ರಮ್ಮಿನ ಚೀಟಿಯ ಗಾತ್ರಗಳನ್ನು ಹಾಕಿದರೆ, ಯಾವಾಗಲೂ ಕಡಿಮೆ ಕೊಡುತ್ತಿತ್ತು. ಹಂಡೆ ಹೆಚ್ಚು ತೋರಿಸುತ್ತಿತ್ತು. ಎರಡನ್ನೂ ಹೊಂದಿಸಲು ಅವರು ಮೊದಲ ವರ್ಷವೇ ಒಂದು ಗುಣಕ ಸೇರಿಸಿದ್ದರು. ನೀರು ಪಕ್ಕದಿಂದಲೂ ನುಗ್ಗುತ್ತದೆ, ಅದಕ್ಕೇ ಹೀಗೆ ಎಂದು ಅದಕ್ಕೊಂದು ಕಾರಣವನ್ನೂ ಬರೆದಿದ್ದರು. ಗುಣಕ ಒಂದು ಪಾಯಿಂಟ್ ಆರು.

ಅವರು ಹಾಳೆಯ ಅಂಚಿನಲ್ಲಿ ಅರವತ್ತನ್ನು ಮೂವತ್ತೆಂಟರಿಂದ ಭಾಗಿಸಿದರು. ಒಂದು ಪಾಯಿಂಟ್ ಐದು ಎಂಟು ಬಂತು, ಹೆಚ್ಚುಕಡಿಮೆ ಅದೇ ಗುಣಕ. ಪೆನ್ನು ಕೆಳಗಿಟ್ಟರು.

"ಹನ್ನೊಂದು ವರ್ಷ ಯಾಕಣ್ಣಾ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಮೇಡಂ. ಸೋಮವಾರದಿಂದ ಮಾತ್ರ, ಗೊತ್ತಿದ್ದೂ ಹೇಳಲಿಲ್ಲ. ಹೆದರಿಕೆ. ನಿನ್ನೆ ಗೊತ್ತಿದ್ದೇ ತೊಳೆದೆ."

ಬೈಗುಳಕ್ಕೆ ಅವನು ತಲೆ ಬಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮೇಡಂ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದರು.

"ನೀವು ಮೂರು ಸಲ ನೋಡ್ತೀರಿ ಅಂತ ನಾನು ಒಂದು ಸಲಾನೂ ನೋಡಲಿಲ್ಲ."

ಗುರುವಾರ ತೊಳೆಯದ ಹರಳನ್ನು ಅವನೇ ತುಂಬಿದ. ಈ ಸಲ ಮೇಡಂ ಪಕ್ಕದಲ್ಲಿ ನಿಂತು ಪ್ರತಿ ಡ್ರಮ್ಮಿನೊಳಕ್ಕೆ ಬಗ್ಗಿ ನೋಡಿದರು. ಮೂವತ್ತೇಳಕ್ಕೆ ಇಪ್ಪತ್ತೆರಡನೆಯ ತಂತಿ ನೂರು ದಾಟಿ ಓಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಸಮಿತಿಗೆ ಫೋನು ಮಾಡಿ ನಾಳೆ ವರದಿ ಕಳಿಸುವುದಿಲ್ಲ, ಲೆಕ್ಕ ತಪ್ಪಿದೆ ಎಂದರು. ಆರು ವರ್ಷದ ಹಿಂದಿನ ಸ್ಥಾವರಕ್ಕೆ ಒಂದು ಪತ್ರ ಬರೆದು ಅವನ ಎದುರಿಗೇ ಕಳಿಸಿದರು. ಆಮೇಲೆ ಒಂದು ಬಿಳಿ ಹಾಳೆ ಅವನ ಮುಂದೆ ತಳ್ಳಿದರು.

"ಬರೀರಿ. ಹೇಗೆ ತೊಳೀತಿದ್ರಿ, ಯಾವ ಜರಡಿ, ಎಷ್ಟು ನೀರು. ನಿಮ್ಮ ಮಾತಲ್ಲೇ ಬರೀರಿ, ನಾನು ತಿದ್ದಲ್ಲ."

ಹಾಜರಿ ಪುಸ್ತಕದ ಸಹಿ ಬಿಟ್ಟರೆ ಅವನು ಅಲ್ಲಿ ಏನನ್ನೂ ಬರೆದವನಲ್ಲ. ಒಂದು ಪುಟಕ್ಕೆ ಮೂರು ಗಂಟೆ ಹಿಡಿಯಿತು. ಹೆಂಡತಿಯ ಜರಡಿಯ ತೂತನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದರು: ಸೊನ್ನೆ ಪಾಯಿಂಟ್ ಎಂಟು ಮಿಲಿಮೀಟರು.

ಹೊಸ ಸ್ಥಾವರಕ್ಕೆ ಕೆಳಗಿನ ಪೈಪು ಹಾಕಲೇಬೇಕೆಂದು ಸಮಿತಿ ಹೇಳಿತು. ಮೂರ್ಸಲದಣ್ಣನ ಮೇಲೆ ತನಿಖೆಯಾಯಿತು. ಎಚ್ಚರಿಕೆಯ ಪತ್ರವೊಂದು ಬಂತು, ಪಿಂಚಣಿ ಉಳಿಯಿತು. ಮೇಡಂಗೆ ಸಿಗಬೇಕಿದ್ದ ಬಡ್ತಿ ತಪ್ಪಿತು. ಅವನು ಕ್ಷಮೆ ಕೇಳಿದರೆ ಅವರು "ಕೆಲಸ ನೋಡಿ ಅಣ್ಣ" ಎಂದಷ್ಟೇ ಅನ್ನುತ್ತಿದ್ದರು. ಹಿಂದಿನ ಸಲಿಗೆ ಮರಳಿ ಬರಲಿಲ್ಲ. ಅದು ಅವನಿಗೆ ಎಲ್ಲದಕ್ಕಿಂತ ಹೆಚ್ಚು ನೋಯಿತು. ಹಳೆಯ ಸ್ಥಾವರದಿಂದ "ಪರಿಶೀಲನೆಯಲ್ಲಿದೆ" ಎಂದು ಒಂದು ಸಾಲಿನ ಉತ್ತರ ಬಂತು. ಅದರ ಮುಂದೆ ಇನ್ನೂ ಏನೂ ಬಂದಿಲ್ಲ.

ನಿವೃತ್ತಿಯ ದಿನ ಮೇಡಂ ಹೊಸ ವರದಿಯ ಒಂದು ಪ್ರತಿಯನ್ನೂ ಜರಡಿಯನ್ನೂ ಅವನ ಕೈಗೆ ಕೊಟ್ಟರು. ಮನೆಗೆ ತಂದ. ಹೆಂಡತಿ ಹೊಸ ಕಣ್ಣಿಗೆ ಹೊಸ ಕನ್ನಡಕ ಹಾಕಿ, ಕೊನೆಯ ಅನುಬಂಧ ಹುಡುಕಿ ಓದಿದಳು. "ನೀರು ತಿಳಿಯಾಗುವವರೆಗೆ ತೊಳೆಯುತ್ತಿದ್ದೆ. ಒಳ್ಳೆಯದೆಂದು ತಿಳಿದಿದ್ದೆ." ಕೆಳಗೆ ಅವನ ಹೆಸರು, ಇನಿಶಿಯಲ್ ಸಮೇತ, ಒಂದಕ್ಷರವೂ ತಪ್ಪಿಲ್ಲದೆ. ಇಷ್ಟು ವರ್ಷ ಆಸೆಪಟ್ಟ ಹೆಸರು ಕೊನೆಗೂ ಅಚ್ಚಾಗಿತ್ತು. ಅವನಿಗೆ ಅತ್ತ ನೋಡಲಾಗಲಿಲ್ಲ. ಅವಳು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ನಡೀರಿ, ಕೆಳಮನೆಯಾಕೆಗೆ ತೋರಿಸಿ ಬರೋಣ. ಹನ್ನೊಂದು ವರ್ಷ ತಡ ಆಗಿದೆ. ಆಮೇಲೆ ಹಾಗೇ ಪೇಟೆಗೆ ಹೋಗೋಣ."

ಅವನು ಎಂದಿನಂತೆ ಅಡುಗೆಮನೆಗೆ ಹೋಗಿ ನಾಬು ನೋಡಿದ, ಮೂರು ಸಲ. ಬೀಗವನ್ನು ಮೂರು ಸಲ ಎಳೆದ. ಮೆಟ್ಟಿಲಿಳಿದು ಬಂದರೆ ಅವಳು ಕೆಳಗೆ ನಿಂತಿದ್ದಳು. ಇನ್ನೇನು ಚುಚ್ಚುಮಾತು ಬರುತ್ತದೆ ಎಂದು ಕಾದ.

"ನಾಬು ನೋಡಿದ್ರಾ?"

"ನೋಡಿದೆ ಕಣೇ. ಮೂರು ಸಲ."

ಅವಳು ನಗಲಿಲ್ಲ. ಅವನ ಕೈಯಿಂದ ಬೀಗದ ಕೈ ತೆಗೆದುಕೊಂಡಳು.

"ಇಲ್ಲೇ ಇರಿ. ನಾನೊಂದು ಸಲ ನೋಡಿ ಬರ್ತೀನಿ."

ಎರಡು ಮಹಡಿಯ ಮೆಟ್ಟಿಲು ಅವಳು ಗೋಡೆ ಹಿಡಿದುಕೊಂಡು ನಿಧಾನವಾಗಿ ಹತ್ತಿದಳು. ಅವನು ಕೆಳಗೆ ನಿಂತು, ಮೇಲೆ ಬೀಗ ತೆರೆಯುವ ಸದ್ದು ಕೇಳಿಸುವವರೆಗೂ ಕಾದ.